ಮರ ಯಾಕೆ ಸೀಳುತ್ತದೆ? ಬಿಸಿಯಾಗುವ ಮರದ ಪೆಟ್ಟಿಗೆಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಸ್ತುವಿನ ಬಗ್ಗೆ ಇವೆ. ಮರದ ಮೈಯಿರುವ, ಮೇಜಿನ ಮೇಲಿಟ್ಟು ಬಳಸುವ ಕರೆಂಟಿನ ವೇಪರೈಸರ್. ನೋಡದವರಿಗಾಗಿ ಹೇಳುತ್ತೇನೆ: ಒಂದು ಮರದ ತುಂಡು ಅಥವಾ ಪೆಟ್ಟಿಗೆ, ಅದಕ್ಕೆ ಕೊರೆದ ಒಂದು ತೂತು, ತೂತಿನೊಳಗೆ ಸೆರಾಮಿಕ್ ಅಥವಾ ಲೋಹದ ಹೀಟರ್. ಒಣಗಿದ ಸೊಪ್ಪನ್ನು ಸುಡದೆ ಬಿಸಿಗಾಳಿಯಲ್ಲಿ ಕಾಯಿಸಿ ಅದರ ಆವಿಯನ್ನು ಎಳೆಯುತ್ತಾರೆ. ಅಮೆರಿಕ, ಕೆನಡಾ ಕಡೆ ಇವನ್ನು ಮನೆ ಹಿಂದಿನ ಷೆಡ್ಡಿನಲ್ಲೇ ಕೂತು ಒಂದೊಂದಾಗಿ ಮಾಡುವ ಕೈಕೆಲಸದವರಿದ್ದಾರೆ. ನಮ್ಮ ಮೆಡಿಕಲ್ ಶಾಪಿನಲ್ಲಿ ಸಿಗುವ ನೆಗಡಿ ಸ್ಟೀಮರ್ ಬೇರೆ, ಇದು ಬೇರೆ. ಇಂಥದ್ದನ್ನು ಎಳೆಯುವುದು ಮೈಗೆ ಒಳ್ಳೆಯದಾ ಅಂತ ನನ್ನನ್ನು ಕೇಳಬೇಡಿ, ಅದಕ್ಕೆ ಡಾಕ್ಟರ ಅಂಕಣ ಇದೆ. ನಾನು ಮರದ ಬಗ್ಗೆ ಮಾತ್ರ ಹೇಳುತ್ತೇನೆ.

ಪ್ರಶ್ನೆ: ಎರಡು ವರ್ಷದ ಹಿಂದೆ ವಾಲ್ನಟ್ ಮರದ ವೇಪರೈಸರ್ ಕೊಂಡೆ. 12 ವೋಲ್ಟ್ ಅಡಾಪ್ಟರ್, ಹೆಚ್ಚುಕಮ್ಮಿ ದಿನವಿಡೀ ಆನ್ ಇರುತ್ತದೆ. ಈ ಜನವರಿಯಲ್ಲಿ ಮೇಲಿನ ತೂತಿನ ಅಂಚಿನಿಂದ ಹೊರಗಡೆಗೆ ಕೂದಲೆಳೆಯಷ್ಟು ಬಿರುಕು ಬಂದಿದೆ. ಮಾಡಿದವರನ್ನು ಕೇಳಿದರೆ ‘ಮರ ಅಂದಮೇಲೆ ಹೀಗೇ’ ಅಂದುಬಿಟ್ಟರು. ಶಾಖಕ್ಕೆ ಮರ ಹಿಗ್ಗಿ ಒಡೆಯಿತಾ? ಅಥವಾ ಮಾಲೇ ಕಳಪೆಯಾ? — ಓದುಗರು, ಕ್ಯಾಲ್ಗರಿ, ಕೆನಡಾ

ಹಿಗ್ಗಿ ಅಲ್ಲ ಸ್ವಾಮಿ, ಕುಗ್ಗಿ ಒಡೆದಿದೆ. ಬಿಸಿಗೆ ಮರ ಹಿಗ್ಗುವುದು ಲೆಕ್ಕಕ್ಕೇ ಇಲ್ಲ ಅನ್ನುವಷ್ಟು ಕಡಿಮೆ. ಬಿಸಿಯಿಂದ ಅದರ ನೀರು ಹೋಗುತ್ತದಲ್ಲ, ಆಗ ಕುಗ್ಗುವುದು ಅದರ ಎಷ್ಟೋ ಪಟ್ಟು ಜಾಸ್ತಿ.

ಅಂಗಡಿಯಿಂದ ತಂದ ‘ಒಣ’ ಮರದಲ್ಲೂ ನೀರು ಇರುತ್ತದೆ. ಸುತ್ತಲಿನ ಗಾಳಿ ಎಷ್ಟು ಒಣಗಿದೆಯೋ ಅದಕ್ಕೆ ತಕ್ಕಂತೆ ಮರ ತನ್ನ ನೀರನ್ನು ಬಿಡುತ್ತದೆ, ಇಲ್ಲವೇ ಕುಡಿಯುತ್ತದೆ. ಗಾಳಿಯ ತೇವ ಶೇ. 65 ಇದ್ದರೆ ಮರದ ತೂಕದಲ್ಲಿ ಸುಮಾರು ಶೇ. 12ರಷ್ಟು ನೀರು ನಿಲ್ಲುತ್ತದೆ, ಶೇ. 30 ಇದ್ದರೆ ಬರೀ ಶೇ. 6. ಈಗ ನಿಮ್ಮ ಊರಿನ ಜನವರಿ ನೆನೆಸಿಕೊಳ್ಳಿ. ಹೊರಗಿನ ಮೈನಸ್ 20 ಡಿಗ್ರಿ ಗಾಳಿಯನ್ನು ಮನೆಯೊಳಗೆ ತಂದು 21 ಡಿಗ್ರಿಗೆ ಕಾಯಿಸಿದರೆ ಅದರ ತೇವ ಶೇ. 4-5ಕ್ಕೆ ಇಳಿಯುತ್ತದೆ. ಅಡುಗೆ, ಸ್ನಾನ, ನಮ್ಮ ಉಸಿರು ಎಲ್ಲ ಸೇರಿ ಸ್ವಲ್ಪ ಮೇಲೆತ್ತುತ್ತವೆ ಅನ್ನೋದು ಬಿಟ್ಟರೆ, ಮನೆ ಒಂದು ದೊಡ್ಡ ಒಲೆಯೇ. ತುಟಿ ಒಡೆಯುವ ಗಾಳಿಯಲ್ಲಿ ಮರ ಒಡೆಯದೆ ಇರುತ್ತಾ?

ಇನ್ನು ಲೆಕ್ಕ. ಹಸಿ ವಾಲ್ನಟ್ ಪೂರ್ತಿ ಒಣಗುವ ಹೊತ್ತಿಗೆ, ಮರವನ್ನು ಅಡ್ಡ ಕೊಯ್ದಾಗ ಕಾಣುವ ಉಂಗುರಗಳ ಸುತ್ತಿನ ದಿಕ್ಕಿನಲ್ಲಿ ಶೇ. 7.8 ಕುಗ್ಗುತ್ತದೆ. ತಿರುಳಿನಿಂದ ತೊಗಟೆಯ ದಿಕ್ಕಿನಲ್ಲಿ ಶೇ. 5.5. ಉದ್ದಕ್ಕೆ ಕುಗ್ಗೋದು ಇಲ್ಲವೇ ಇಲ್ಲ ಅನ್ನಬಹುದು. ಮರದ ನೀರು ಶೇ. 10ರಿಂದ 4ಕ್ಕೆ ಇಳಿದರೆ, 80 ಮಿ.ಮೀ. ಅಗಲದ ತುಂಡು ಸುತ್ತಿನ ದಿಕ್ಕಿನಲ್ಲಿ ಸುಮಾರು 1.3 ಮಿ.ಮೀ. ಸಣ್ಣಗಾಗಲು ನೋಡುತ್ತದೆ. ಎಲ್ಲ ಕಡೆ ಒಟ್ಟಿಗೆ ಕುಗ್ಗಿದರೆ ತೊಂದರೆ ಇಲ್ಲ. ಆದರೆ ನಿಮ್ಮ ತುಂಡಿನಲ್ಲಿ ಹಾಗಾಗುವುದಿಲ್ಲ. ತೂತಿನ ಒಳಗೋಡೆ ಹೀಟರ್ ಪಕ್ಕದಲ್ಲೇ ಇದ್ದು ನೀರನ್ನೆಲ್ಲ ಕಳೆದುಕೊಂಡಿರುತ್ತದೆ, ಹೊರಗಿನ ಮರ ಇನ್ನೂ ಅಷ್ಟು ಒಣಗಿರುವುದಿಲ್ಲ. ಮರ ಶಾಖವನ್ನು ಬೇಗ ಸಾಗಿಸುವುದೂ ಇಲ್ಲವಲ್ಲ, ಹಾಗಾಗಿ ಈ ವ್ಯತ್ಯಾಸ ಹಾಗೇ ಉಳಿಯುತ್ತದೆ. ಒಳಪದರ ಕುಗ್ಗಬೇಕು ಅನ್ನುತ್ತದೆ, ಹೊರಪದರ ಬಿಡುವುದಿಲ್ಲ. ಎಳೆದಾಟ ತಡೆಯದಾದಾಗ ಒಳಪದರವೇ ಹರಿಯುತ್ತದೆ. ಆದ್ದರಿಂದಲೇ ಬಿರುಕು ತೂತಿನ ಅಂಚಿನಲ್ಲಿ ಹುಟ್ಟಿ ಹೊರಗಡೆಗೆ ಓಡುತ್ತದೆ.

ಇದರ ಜೊತೆಗೆ ಒಳಗೊಂದು ಲೋಹದ ಕೊಳವೆ ಬಿಗಿಯಾಗಿ ಕೂತಿದ್ದರೆ ಮುಗಿಯಿತು. 20 ಮಿ.ಮೀ. ತೂತು ಅದೇ ಲೆಕ್ಕದಲ್ಲಿ 0.3 ಮಿ.ಮೀ. ಸಣ್ಣಗಾಗಲು ಹೊರಡುತ್ತದೆ. ಒಳಗಿನ ಉಕ್ಕು ಕುಗ್ಗುವ ಮಾತು ಹಾಗಿರಲಿ, 200 ಡಿಗ್ರಿಗೆ ಕಾದಾಗ 0.04 ಮಿ.ಮೀ. ದಪ್ಪವೇ ಆಗುತ್ತದೆ. ಎತ್ತಿನಗಾಡಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬೇಸಿಗೆಯಲ್ಲಿ ಚಕ್ರದ ಮರ ಒಣಗಿ ಕಬ್ಬಿಣದ ಪಟ್ಟಾ ಸಡಿಲವಾಗುತ್ತಿತ್ತು, ಹಳ್ಳಕ್ಕೋ ಕೆರೆಗೋ ಇಳಿಸಿ ನೆನೆಹಾಕಿದರೆ ಮತ್ತೆ ಬಿಗಿ. ಅಲ್ಲಿ ಕಬ್ಬಿಣ ಹೊರಗಿತ್ತು, ಅದಕ್ಕೆ ಸಡಿಲವಾಯಿತು. ನಿಮ್ಮದರಲ್ಲಿ ಕಬ್ಬಿಣ ಒಳಗಿದೆ, ಅದಕ್ಕೆ ಸೀಳಿತು.

ಕಳಪೆ ಮಾಲಾ ಅಂತ ಕೇಳಿದಿರಿ. ಎರಡು ಚಳಿಗಾಲ ತಡೆದಿದೆ ಅಂದರೆ ಮರ ಹಸಿಯಾಗಿರಲಿಲ್ಲ ಅಂತ ಧೈರ್ಯವಾಗಿ ಹೇಳಬಹುದು, ಹಸಿ ಮರವಾಗಿದ್ದರೆ ಮೊದಲ ವಾರಗಳಲ್ಲೇ ಬಾಯಿ ಬಿಡುತ್ತಿತ್ತು. ಆದರೆ ‘ಮರ ಅಂದಮೇಲೆ ಹೀಗೇ’ ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪಲ್ಲ. ಕೊಳವೆ ಮತ್ತು ಮರದ ನಡುವೆ ಅರ್ಧ ಮಿ.ಮೀ. ಸಂದು ಬಿಟ್ಟಿದ್ದರೆ ಈ ಕಥೆ ಬಹುಶಃ ನಡೆಯುತ್ತಿರಲಿಲ್ಲ. ಮರ ಕುಗ್ಗುತ್ತದೆ ಅಂತ ಗೊತ್ತಿದ್ದವರು ಅದಕ್ಕೆ ಜಾಗ ಬಿಡಬೇಕು, ಅದು ಮಾಡುವವರ ಕೆಲಸ.

ಸದ್ಯಕ್ಕೆ ಏನು ಮಾಡಬೇಕು? ಅನ್‌ಪ್ಲಗ್ ಮಾಡಿ, ಪೂರ್ತಿ ತಣ್ಣಗಾದ ಮೇಲೆ ಒಂದು ಟಾರ್ಚ್ ಹಿಡಿದು ತೂತಿನೊಳಗೆ ನೋಡಿ. ಬಿರುಕು ಮೇಲ್ಭಾಗದಲ್ಲಿ ಮಾತ್ರ ಇದ್ದರೆ ಪೆನ್ಸಿಲಿನಿಂದ ಅದರ ತುದಿಗೆ ಗುರುತು ಹಾಕಿ, ತಾರೀಖು ಬರೆದಿಡಿ. ತಿಂಗಳು ಬಿಟ್ಟು ನೋಡಿದಾಗ ಗುರುತು ದಾಟಿರದಿದ್ದರೆ ಅದು ಬರೀ ಗಾಯದ ಕಲೆ. ಆದರೆ ಬಿರುಕು ಹೊರಗಿನ ಮೈವರೆಗೂ ಬಂದು ಅದರಿಂದ ಬಿಸಿಗಾಳಿ ಬರುತ್ತಿದ್ದರೆ, ಒಳಗೋಡೆ ಕಂದು ಬಿಟ್ಟು ಕಪ್ಪಾಗುತ್ತಿದ್ದರೆ, ಅಥವಾ ಸುಟ್ಟ ವಾಸನೆ ಇದ್ದರೆ ಮತ್ತೆ ಪ್ಲಗ್ ಹಾಕಬೇಡಿ. ಮರ ದಿನಗಟ್ಟಲೆ 100 ಡಿಗ್ರಿ ದಾಟಿ ಕಾಯುತ್ತಿದ್ದರೆ ಉರಿಯದೇ ನಿಧಾನವಾಗಿ ಇದ್ದಿಲಾಗುತ್ತಾ ಹೋಗುತ್ತದೆ. ಹಾಗಾದ ಮರ ಹೊಸ ಮರಕ್ಕಿಂತ ಬೇಗ ಹೊತ್ತಿಕೊಳ್ಳುತ್ತದೆ.

ಪ್ರಶ್ನೆ: ನಮ್ಮದು ಮೇಪಲ್ ಮರದ್ದು. ದಿನಾ ಆನ್-ಆಫ್ ಮಾಡುವುದಕ್ಕಿಂತ ಯಾವಾಗಲೂ ಆನ್ ಇಡುವುದೇ ಮರಕ್ಕೆ ಒಳ್ಳೆಯದು ಅಂತ ಗೆಳೆಯ ಹೇಳುತ್ತಾನೆ. ನಿಜವಾ? — ಓದುಗರು, ಮಿನಿಯಾಪೊಲಿಸ್

ಮರದ ಕಡೆಯಿಂದ ನೋಡಿದರೆ ಅವನ ಮಾತಿನಲ್ಲಿ ಹುರುಳಿದೆ. ಒಂದೇ ಹದದಲ್ಲಿರುವ ಮರ ಒಂದು ಸಲ ಕುಗ್ಗಿ ಸುಮ್ನಾಗುತ್ತದೆ. ಕುಗ್ಗು, ಹಿಗ್ಗು, ಮತ್ತೆ ಕುಗ್ಗು ಅಂತ ಆಡಿಸಿದರೆ ಬಿರುಕಿನ ತುದಿ ಸ್ವಲ್ಪ ಸ್ವಲ್ಪವೇ ಮುಂದೆ ಹೋಗುತ್ತದೆ. ಆದರೆ ರಾತ್ರಿ ಆಫ್ ಮಾಡಿ ಬೆಳಿಗ್ಗೆ ಹಾಕುವಷ್ಟರಲ್ಲಿ ದಪ್ಪ ತುಂಡು ಹೆಚ್ಚೇನೂ ತೇವ ಕುಡಿಯುವುದಿಲ್ಲ. ಮೂರು ತಿಂಗಳು ಕಪಾಟಿನಲ್ಲಿಟ್ಟು, ಮಳೆಗಾಲದ ತೇವ ಕುಡಿಸಿ, ಡಿಸೆಂಬರಿನಲ್ಲಿ ಒಮ್ಮೆಲೇ ಗಂಟೆಗಟ್ಟಲೆ ಕಾಯಿಸುತ್ತೀರಲ್ಲ, ಅದು ಅಪಾಯ. ಹೊಸದಾಗಿ ತಂದಾಗಲೂ ಅಷ್ಟೇ: ಪೆಟ್ಟಿಗೆ ಬಿಚ್ಚಿ ಒಂದೆರಡು ವಾರ ಮನೆಯ ಗಾಳಿಗೆ ಒಗ್ಗಲು ಬಿಡಿ, ಆಮೇಲೆ ದಿನಕ್ಕೆ ಅರ್ಧ ಗಂಟೆಯಿಂದ ಶುರುಮಾಡಿ.

ಮೇಪಲ್ ವಿಷಯದಲ್ಲಿ ಇನ್ನೂ ಜಾಸ್ತಿ ಹುಷಾರು ಬೇಕು. ಗಟ್ಟಿ ಮೇಪಲ್ ಸುತ್ತಿನ ದಿಕ್ಕಿನಲ್ಲಿ ಶೇ. 9.9 ಕುಗ್ಗಿದರೆ ಇನ್ನೊಂದು ದಿಕ್ಕಿನಲ್ಲಿ ಶೇ. 4.8 ಮಾತ್ರ, ಅಂದರೆ ಹೆಚ್ಚುಕಮ್ಮಿ ಇಮ್ಮಡಿ. ದುಂಡಗೆ ಕೊರೆದ ತೂತು ಒಣಗಿದ ಮೇಲೆ ಮೊಟ್ಟೆಯಾಕಾರವಾಗುತ್ತದೆ. ಆವಿ ಎಳೆಯುವ ಗಾಜಿನ ಕೊಳವೆ ಬೇಸಿಗೆಯಲ್ಲಿ ಸಲೀಸಾಗಿ ಕೂತು ಚಳಿಗಾಲದಲ್ಲಿ ಸಿಕ್ಕಿಹಾಕಿಕೊಂಡರೆ ಇದೇ ಕಾರಣ, ಒತ್ತಿ ತಿರುಗಿಸಬೇಡಿ.

ಮನೆಯ ತೇವವನ್ನು ಶೇ. 35-40ರ ಹತ್ತಿರ ಇಡಲು ಒಂದು ಹ್ಯೂಮಿಡಿಫೈಯರ್, ಅಳೆಯಲು ಒಂದು ಅಗ್ಗದ ಮೀಟರ್, ಇಷ್ಟು ಸಾಕು. ಹೊರಗೆ ತೀರಾ ಚಳಿ ಇದ್ದಾಗ ಅಷ್ಟು ತೇವಕ್ಕೆ ಕಿಟಕಿ ಗಾಜಿನ ಮೇಲೆ ನೀರು ಇಳಿಯುತ್ತದೆ, ಆಗ ಸ್ವಲ್ಪ ಕಡಿಮೆ ಮಾಡಿಕೊಳ್ಳಿ. ನೆಲದಿಂದ ಬಿಸಿಗಾಳಿ ಬರುವ ಜಾಲರಿ ಇರುತ್ತದಲ್ಲ, ಅದರ ಪಕ್ಕ ಮಾತ್ರ ಇಡಬೇಡಿ.

ಇಷ್ಟೆಲ್ಲ ಹೇಳಿದ ಮೇಲೂ, ಮನೆಯಲ್ಲಿ ಯಾರೂ ಇಲ್ಲದಾಗ ಅದು ಆನ್ ಇರಬಾರದು ಅನ್ನೋದೇ ನನ್ನ ಅಭಿಪ್ರಾಯ. ಮರ ಸೀಳಿದರೆ ಇನ್ನೊಂದು ಮಾಡಿಸಬಹುದು.

ಪ್ರಶ್ನೆ: ಬಿರುಕಿಗೆ ಫೆವಿಕಾಲ್, ಅರಾಲ್ಡೈಟ್, ಸೂಪರ್ ಗ್ಲೂ, ಇದರಲ್ಲಿ ಯಾವುದು ಹಾಕಲಿ? — ಓದುಗರು, ಡೆಟ್ರಾಯಿಟ್

ಬಿಸಿಗಾಳಿ ಹೋಗುವ ದಾರಿಯಲ್ಲಿ ಯಾವುದೂ ಬೇಡ. ಆ ಗಾಳಿ ನೇರವಾಗಿ ನಿಮ್ಮ ಎದೆಯೊಳಗೆ ಹೋಗುತ್ತದೆ ಅನ್ನೋದು ನೆನಪಿರಲಿ. ಫೆವಿಕಾಲಿನಂಥ ಬಿಳಿ ಅಂಟು ಬಿಸಿಗೆ ಮೆತ್ತಗಾಗುತ್ತದೆ. ಅರಾಲ್ಡೈಟ್ ಥರದ ಸಾಮಾನ್ಯ ಎಪಾಕ್ಸಿಯೂ 60 ಡಿಗ್ರಿ ಆಸುಪಾಸಿನಲ್ಲಿ ಹಿಡಿತ ಬಿಡಲು ಶುರುಮಾಡುತ್ತದೆ. ಸೂಪರ್ ಗ್ಲೂ ಕಾದರೆ ಕಣ್ಣು, ಮೂಗು ಉರಿಯುವ ಹೊಗೆ ಬರುತ್ತದೆ.

ಹೊರಮೈಯಲ್ಲಿ, ಕೈ ಇಟ್ಟರೆ ಬೆಚ್ಚಗೆ ಮಾತ್ರ ಅನಿಸುವ ಕಡೆ, ರಿಪೇರಿ ಮಾಡಬಹುದು. ಅಲ್ಲೂ ಒಂದು ಎಡವಟ್ಟು ಇದೆ. ಚಳಿಗಾಲದಲ್ಲಿ ಬಾಯಿ ತೆರೆದ ಬಿರುಕಿಗೆ ಎಪಾಕ್ಸಿಯನ್ನು ಕಲ್ಲಿನ ಹಾಗೆ ತುಂಬಿದಿರಿ ಅಂತಿಟ್ಟುಕೊಳ್ಳಿ. ಜುಲೈನಲ್ಲಿ ಮರ ಹಿಗ್ಗಿ ಬಾಯಿ ಮುಚ್ಚಲು ನೋಡುತ್ತದೆ, ನಡುವೆ ಬೆಣೆ ಸಿಕ್ಕಿಕೊಂಡಿದೆ. ಆಗ ಪಕ್ಕದಲ್ಲಿ ಹೊಸ ಬಿರುಕು ಹುಟ್ಟುತ್ತದೆ. ಗೋಡೆ ಒಂದು 20 ಮಿ.ಮೀ. ದಪ್ಪ ಇದ್ದರೆ ನಮ್ಮ ಆಚಾರಿಗಳು ಬಾಗಿಲ ಹಲಗೆಗೆ ಹಾಕುವ ಡಮರು ಬೆಣೆಯೇ ಚೆನ್ನ. ಬಿರುಕಿಗೆ ಅಡ್ಡವಾಗಿ ಡಮರು ಆಕಾರದಲ್ಲಿ ಗುಳಿ ಕೊರೆದು, ಅದೇ ಜಾತಿಯ ಒಣ ಮರದ ತುಂಡನ್ನು ಬಿಗಿಯಾಗಿ ಕೂರಿಸುವುದು. ಬೆಣೆಯ ಎಳೆ ಬಿರುಕಿಗೆ ಅಡ್ಡ ಇರಬೇಕು, ಉದ್ದಕ್ಕೆ ಇಟ್ಟರೆ ಬೆಣೆ ನಡುವಲ್ಲೇ ಮುರಿಯುತ್ತದೆ. ಬಿರುಕು ಹಾಗೇ ಕಾಣುತ್ತಿರುತ್ತದೆ, ಆದರೆ ಮುಂದೆ ಹೋಗಲ್ಲ. ನೋಡೋಕೂ ಚೆನ್ನಾಗಿರುತ್ತದೆ.

ಪ್ರಶ್ನೆ: ಮರ ಒಡೆಯಬಾರದು ಅಂತ ಅಮ್ಮ ಫೋನಿನಲ್ಲಿ ‘ಕೊಬ್ಬರಿ ಎಣ್ಣೆ ಹಚ್ಚು’ ಅಂತಾರೆ. ಇಲ್ಲಿಯ ಅಂಗಡಿಯವನು ಬಾಯ್ಲ್ಡ್ ಲಿನ್ಸೀಡ್ ಆಯಿಲ್ ಕೊಟ್ಟಿದ್ದಾನೆ. ಯಾರ ಮಾತು ಕೇಳಲಿ? — ಓದುಗರು, ಡೆನ್ವರ್

ಅಮ್ಮನ ಮಾತು ರೊಟ್ಟಿ ಮಣೆಗೆ ಸರಿ, ಇದಕ್ಕೆ ಬೇಡ. ಕೊಬ್ಬರಿ ಎಣ್ಣೆ ಮರದೊಳಗೆ ಗಟ್ಟಿಯಾಗುವ ಜಾತಿಯಲ್ಲ. ಬಿಸಿ ತಾಗಿದಾಗಲೆಲ್ಲ ಜಿನುಗುತ್ತದೆ, ಆಮೇಲೆ ಕಮಟು ವಾಸನೆ. ಹರಳೆಣ್ಣೆಯೂ ಅಷ್ಟೇ. ಲಿನ್ಸೀಡ್ ಅಂದರೆ ಅಗಸೆ ಎಣ್ಣೆ, ಅದು ಗಾಳಿಗೆ ಒಣಗಿ ಪೊರೆ ಕಟ್ಟುತ್ತದೆ, ಆ ಲೆಕ್ಕದಲ್ಲಿ ಅದು ಸರಿ. ಆದರೆ ಅಂಗಡಿಯ ‘ಬಾಯ್ಲ್ಡ್’ ಎಣ್ಣೆಗೆ ಬೇಗ ಒಣಗಲಿ ಅಂತ ಕೋಬಾಲ್ಟ್, ಮ್ಯಾಂಗನೀಸ್ ಥರದ ಲೋಹದ ಲವಣ ಸೇರಿಸಿರುತ್ತಾರೆ. ಉಸಿರಿಗೆ ಹೋಗುವ ಸಾಧನಕ್ಕೆ ಅದನ್ನು ಯಾಕೆ ಹಚ್ಚಬೇಕು? ಏನೂ ಬೆರೆಸದ ಅಗಸೆ ಎಣ್ಣೆ ತನ್ನಿ. ಹೊರಮೈಗೆ ಮಾತ್ರ ತೆಳ್ಳಗೆ ಹಚ್ಚಿ, ಹತ್ತು ನಿಮಿಷ ಬಿಟ್ಟು ಪೂರ್ತಿ ಒರೆಸಿ. ವಾರಗಟ್ಟಲೆ ಒಣಗಿಸಿ, ಮೂಗಿಗೆ ವಾಸನೆ ಬಾರದ ಮೇಲೆ ಆನ್ ಮಾಡಿ. ಜೇನುಮೇಣ ಸುಮಾರು 62 ಡಿಗ್ರಿಗೆ ಕರಗುತ್ತದೆ, ಬಿಸಿಯಾಗುವ ಮೈಗೆ ಅದು ಕೈಗಂಟುವ ಜಿಗುಟು ಅಷ್ಟೇ.

ಒರೆಸಿದ ಬಟ್ಟೆಯ ವಿಷಯ ತಮಾಷೆಯಲ್ಲ. ಅಗಸೆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗುತ್ತದೆ. ಆ ಬಟ್ಟೆಯನ್ನು ಮುದುರಿ ಕಸದ ಬುಟ್ಟಿಗೆ ಹಾಕಿದರೆ ಬೆಂಕಿಕಡ್ಡಿ ಇಲ್ಲದೆಯೇ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಎಣ್ಣೆ ಹಚ್ಚಿದರೆ ಬಿರುಕು ಬರುವುದೇ ಇಲ್ಲ ಅಂತ ಮಾತ್ರ ತಿಳಿಯಬೇಡಿ. ಯಾವ ಎಣ್ಣೆ, ಯಾವ ಪಾಲಿಷ್ ಕೂಡ ತೇವವನ್ನು ತಡೆಯುವುದಿಲ್ಲ, ನಿಧಾನ ಮಾಡುತ್ತದೆ. ಕೊಯ್ದ ತುದಿಗಳಿಗೆ, ಅಂದರೆ ಉಂಗುರ ಕಾಣುವ ಮುಖಕ್ಕೆ, ಒಂದು ಕೈ ಜಾಸ್ತಿ ಹಚ್ಚಿ. ಮರದ ನೀರು ಪಕ್ಕಗಳಿಗಿಂತ ಹತ್ತಾರು ಪಟ್ಟು ವೇಗವಾಗಿ ಅಲ್ಲಿಂದಲೇ ಹೋಗುವುದು.

ಪ್ರಶ್ನೆ: ನಾನು ಲೇತ್ ಕೆಲಸ ಮಾಡುತ್ತೇನೆ. ಕರೆಂಟಿನ ಧೂಪದಾನಿಗೆ ಮರದ ಕವಚ ಮಾಡಿ ಮಾರಬೇಕು ಅಂತಿದ್ದೇನೆ. ಮನೆಯ ಹಿಂದೆ ಬಿದ್ದಿದ್ದ ಹಲಸಿನ ಕೊಂಬೆಯಿಂದ ಒಂದು ಮಾಡಿದೆ, ಎರಡೇ ವಾರಕ್ಕೆ ಮೇಲಿನಿಂದ ಕೆಳಗಿನವರೆಗೆ ಸೀಳಿತು. ಹಲಸು ಒಳ್ಳೆ ಮರ ಅಲ್ವಾ? — ಓದುಗರು, ಸಾಗರ

ಹಲಸು ಒಳ್ಳೆಯ ಮರವೇ, ವೀಣೆ ಮಾಡುವುದೇ ಅದರಲ್ಲಿ. ತಪ್ಪು ಮರದ್ದಲ್ಲ, ಕೊಂಬೆಯದ್ದು. ಇಡೀ ಕೊಂಬೆಯನ್ನು ಲೇತಿಗೆ ಕಟ್ಟಿದಾಗ ತಿರುಳು ನಡುವಲ್ಲೇ ಉಳಿಯುತ್ತದೆ. ಸುತ್ತಳತೆ ಹೆಚ್ಚು ಕುಗ್ಗಬೇಕು, ಅಡ್ಡಳತೆ ಕಡಿಮೆ ಕುಗ್ಗುತ್ತದೆ. ದುಂಡು ಮರದಲ್ಲಿ ಈ ಎರಡೂ ಕೂಡಿಬರುವುದಿಲ್ಲ, ಎಲ್ಲೋ ಒಂದು ಕಡೆ ಸೀಳಲೇಬೇಕು. ಸಾಮಿಲ್ಲಿನ ಅಂಗಳದಲ್ಲಿ ಬಿದ್ದಿರುವ ದಿಮ್ಮಿಗಳ ತುದಿ ನೋಡಿದರೆ ತಿರುಳಿನಿಂದ ಹೊರಗೆ ಹೋದ ಸೀಳು ಕಾಣದ ದಿಮ್ಮಿ ಸಿಗುವುದು ಕಷ್ಟ. ಆದ್ದರಿಂದ ದಪ್ಪ ದಿಮ್ಮಿಯನ್ನು ನಾಲ್ಕಾಗಿ ಸೀಳಿಸಿ, ತಿರುಳು ತೆಗೆದು, ಆ ಕಾಲುಭಾಗದಿಂದ ತುಂಡು ಮಾಡಿ.

ಆಮೇಲೆ ಒಣಗಿಸುವುದು. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವ ಹಳೆಯ ಲೆಕ್ಕ ಮಲೆನಾಡಿನಲ್ಲಿ ಇನ್ನೂ ನಿಧಾನ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಕಡೆ ಮರ ಒಣಗುವುದಿರಲಿ, ಕುಡಿಯುತ್ತಲೇ ಇರುತ್ತದೆ. ಒರಟಾಗಿ ಕಡೆದು, ಗೋಡೆ ದಪ್ಪ ಬಿಟ್ಟು, ತುದಿಗಳಿಗೆ ಮೇಣ ಬಳಿದು ನೆರಳಿನಲ್ಲಿಡಿ. ತಕ್ಕಡಿಯಲ್ಲಿ ತೂಗಿ ತೂಕವನ್ನು ಮೈಮೇಲೆ ಬರೆಯಿರಿ. ವಾರವಾರಕ್ಕೂ ತೂಕ ಇಳಿಯುತ್ತಿದ್ದರೆ ಇನ್ನೂ ಒಣಗುತ್ತಿದೆ. ನಿಂತ ಮೇಲೆ ಅಂತಿಮ ಕಡೆತ. ನೀವು ಕಲಬುರಗಿಗೋ ರಾಯಚೂರಿಗೋ ಮಾರುವುದಾದರೆ ಅಲ್ಲಿಯ ಏಪ್ರಿಲ್ ಸಾಗರದ ಒಣ ಮರವನ್ನೂ ಇನ್ನೊಮ್ಮೆ ಒಣಗಿಸುತ್ತದೆ, ಅದಕ್ಕೂ ಜಾಗ ಬಿಡಿ.

ಮರದ ಆಯ್ಕೆಯಲ್ಲಿ ತೇಗ ಕಣ್ಣು ಮುಚ್ಚಿ ತಗೊಳ್ಳಿ, ಸುತ್ತಿನ ದಿಕ್ಕಿನಲ್ಲೂ ಶೇ. 5.8 ಮಾತ್ರ ಕುಗ್ಗುತ್ತದೆ. ಶಿವನೆ ಮರವೂ ಅಲುಗಾಡದ ಮರ, ಕಡೆಯಲು ಹಗುರ. ನೀಲಗಿರಿ ಮುಟ್ಟಬೇಡಿ, ಅದು ಕಡಿದ ದಿನದಿಂದಲೇ ಸೀಳಲು ಶುರು. ಪ್ಲೈವುಡ್, ಎಂಡಿಎಫ್ ಅಂತೂ ಬೇಡವೇ ಬೇಡ, ಅವುಗಳ ಅಂಟು ಬಿಸಿಗೆ ಫಾರ್ಮಾಲ್ಡಿಹೈಡ್ ಬಿಡುತ್ತದೆ. ಚನ್ನಪಟ್ಟಣದ ಗೊಂಬೆಯ ಹಾಗೆ ಅರಗಿನ ಬಣ್ಣ ಹಾಕುವ ಆಸೆ ಇದ್ದರೆ ಬಿಟ್ಟುಬಿಡಿ. ಲೇತಿನ ಉಜ್ಜುವ ಬಿಸಿಗೇ ಕರಗಿ ಮರಕ್ಕೆ ಹತ್ತುವ ಅರಗು ಧೂಪದಾನಿಯ ಬಿಸಿಗೆ ಕೈಗೂ ಹತ್ತುತ್ತದೆ.

ಹೀಟರ್ ತಟ್ಟೆ ಮರಕ್ಕೆ ತಾಗಬಾರದು. ಸ್ಟೀಲ್ ಬಟ್ಟಲು, ಅದರ ಸುತ್ತ ಒಂದು ಬೆರಳು ಗಾಳಿ ಜಾಗ, ಕೆಳಗೆ ಗಾಳಿ ಒಳಬರಲು ತೂತುಗಳು, ಆಮೇಲೆ ಮರ. ಬಟ್ಟಲನ್ನು ಮರಕ್ಕೆ ಕೂರಿಸುವ ಸ್ಕ್ರೂ ತೂತುಗಳನ್ನು ಉದ್ದುದ್ದ ಮಾಡಿ, ಮರ ಕುಗ್ಗಿದಾಗ ಸ್ಕ್ರೂ ಜರುಗಲಿ. ಎರಡು ಗಂಟೆ ಉರಿಸಿದ ಮೇಲೆ ಒಳಗೋಡೆಯ ಮೇಲೆ ಬೆರಳಿಟ್ಟು ಐದು ಎಣಿಸುವಷ್ಟು ಹೊತ್ತು ತಡೆಯಲಾಗದಿದ್ದರೆ ಜಾಗ ಸಾಲದು ಅಂತ ಅರ್ಥ. ಮಾರುವುದಕ್ಕೆ ಮುಂಚೆ ತೇವದ ಪರೀಕ್ಷೆ ಸರಿಯಾಗಿ ಮಾಡಿಸಬೇಕು ಅಂದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, ವಿಚಾರಿಸಿ.

ಪ್ರಶ್ನೆ: ಬಿರುಕು ಬಿಟ್ಟ ವೇಪರೈಸರನ್ನು ಡಿಸೆಂಬರಿನಲ್ಲಿ ಊರಿಗೆ ಬರುವಾಗ ತಂದು ನಮ್ಮ ಆಚಾರ್ರ ಕೈಲಿ ಸರಿಮಾಡಿಸಬಹುದಾ? — ಓದುಗರು, ಟೊರೊಂಟೊ

ದಯವಿಟ್ಟು ಬೇಡ. ಭಾರತದಲ್ಲಿ 2019ರ ಇ-ಸಿಗರೇಟ್ ನಿಷೇಧ ಕಾಯ್ದೆ ಇದೆ. ನಿಕೋಟಿನ್ ಇರಲಿ ಬಿಡಲಿ, ಯಾವುದೇ ವಸ್ತುವನ್ನು ಕಾಯಿಸಿ ಉಸಿರಿಗೆಳೆಯುವ ಆವಿ ಮಾಡುವ ಎಲೆಕ್ಟ್ರಾನಿಕ್ ಸಾಧನ ಅದರ ವ್ಯಾಖ್ಯೆಯೊಳಗೆ ಬರುತ್ತದೆ. ಆಮದು ಮಾಡಿದರೆ ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ‘ಮರದ ಶೋಪೀಸ್’ ಅಂದರೆ ಕಸ್ಟಮ್ಸ್‌ನವರು ನಂಬುತ್ತಾರಾ? ಕೆನಡಾದಲ್ಲಿ 2018ರ ಅಕ್ಟೋಬರ್‌ನಿಂದ ಗಾಂಜಾ ಕಾನೂನುಬದ್ಧ, ಇಲ್ಲಿ ಅಲ್ಲ. ನೀವು ಅದರಲ್ಲಿ ಏನು ಹಾಕುತ್ತೀರಿ ಅಂತ ನಾನು ಕೇಳುತ್ತಿಲ್ಲ, ಆದರೆ ಒಳಗೆ ಅಂಟಿದ ಪುಡಿಯನ್ನು ಪರೀಕ್ಷೆಗೆ ಕಳಿಸಿದರೆ ಕೇಸು ಬೇರೆಯೇ ಆಗುತ್ತದೆ. ಟೊರೊಂಟೊದಲ್ಲೇ ಒಬ್ಬ ಬಡಗಿಯನ್ನು ಹುಡುಕಿ. ಡಮರು ಬೆಣೆಯ ಚಿತ್ರ ತೋರಿಸಿದರೆ ಅವರಿಗೆ ಗೊತ್ತಾಗುತ್ತದೆ.

ಪ್ರಶ್ನೆ: ಆನ್‌ಲೈನಿನಲ್ಲಿ ತರಿಸಿದ ‘ವುಡನ್’ ಅರೋಮಾ ಡಿಫ್ಯೂಸರ್ ಮೂರು ವರ್ಷವಾದರೂ ಒಂದು ಗೆರೆಯಷ್ಟೂ ಒಡೆದಿಲ್ಲ. ಯಾವ ಮರ ಇರಬಹುದು? — ಓದುಗರು, ಬೆಂಗಳೂರು

ತಲೆಕೆಳಗು ಮಾಡಿ ನೋಡಿ. ಮೇಲಿನ ಮೈಯಲ್ಲಿರುವ ಎಳೆ ಅಂಚಿನಲ್ಲಿ ತಿರುಗಿ ಒಳಗೂ ಮುಂದುವರಿದಿದೆಯಾ, ಅಥವಾ ಅಂಚಿಗೇ ನಿಂತಿದೆಯಾ? ಅಂಚಿಗೇ ನಿಂತು ಒಳಗೆ ಬರೀ ಕಂದು ಬಣ್ಣ ಇದ್ದರೆ ಅದು ಮರದ ಚಿತ್ರ ಅಂಟಿಸಿದ ಪ್ಲಾಸ್ಟಿಕ್. ಇಂಥ ಡಿಫ್ಯೂಸರುಗಳಲ್ಲಿ ಹೆಚ್ಚಿನವು ನೀರನ್ನು ಕಾಯಿಸುವುದೇ ಇಲ್ಲ, ಸಣ್ಣ ಬಿಲ್ಲೆ ನಡುಗಿ ಮಂಜು ಎಬ್ಬಿಸುತ್ತದೆ ಅಷ್ಟೇ. ನಿಜವಾದ ಮರವೇ ಆಗಿದ್ದರೆ ನೀವು ಹೆದರಬೇಕಾದ್ದು ಬಿರುಕಿಗಲ್ಲ, ಬೂಷ್ಟಿಗೆ. ರಾತ್ರಿ ಉಳಿದ ನೀರು ಚೆಲ್ಲಿ, ಒಳಗೆ ಒಣಬಟ್ಟೆಯಲ್ಲಿ ಒರೆಸಿ, ಮುಚ್ಚಳ ತೆಗೆದಿಡಿ.